ಟಿಳಕವಾಡಿಯ ಜಾವಾ ತರಗತಿ: ಅರೇ ಮತ್ತು ಜೆನೆರಿಕ್ಸ್ ಪಾಠಕ್ಕಾಗಿ ಸೇರಬಹುದು

ಬೆಳಗಾವಿಯ ಟಿಳಕವಾಡಿಯಲ್ಲಿ ಸಂಜೆ ಹೊತ್ತು ನಡೆಯುವ ಈ ಜಾವಾ ತರಗತಿಗೆ ಬರುವವರಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪರೀಕ್ಷೆಗೆ ಓದುವ ವಿದ್ಯಾರ್ಥಿಗಳೇ ಹೆಚ್ಚು. ಸರ್ ಕನ್ನಡದಲ್ಲಿ ಪಾಠ ಮಾಡುತ್ತಾರೆ, ಕೇಳಿದವರಿಗೆ ಮರಾಠಿಯಲ್ಲೂ ಬಿಡಿಸಿ ಹೇಳುತ್ತಾರೆ. ಲೂಪ್, ಕ್ಲಾಸ್, ಇನ್‌ಹೆರಿಟೆನ್ಸ್ ಪಾಠಗಳು ಬೇರೆ ಕಡೆ ಇರುವಂತೆಯೇ ಇವೆ. ಆದರೆ ಅರೇ (ಒಂದೇ ಟೈಪಿನ, ಅಂದರೆ ಒಂದೇ ಬಗೆಯ ವಸ್ತುಗಳ ಸಾಲು) ಮತ್ತು ಜೆನೆರಿಕ್ಸ್ (ಲಿಸ್ಟಿನಂಥವುಗಳಲ್ಲಿ ಯಾವ ಟೈಪಿನ ವಸ್ತು ಇಡಬೇಕೆಂದು ಮೊದಲೇ ಹೇಳುವ ವ್ಯವಸ್ಥೆ) ಎರಡನ್ನೂ ಎದುರುಬದುರು ಇಟ್ಟು ಕಲಿಸುವ ರೀತಿ ನಿಜಕ್ಕೂ ಮೆಚ್ಚುವಂಥದ್ದು.

ಮೊದಲು ಒಂದು ಪುಟ್ಟ ಪ್ರೋಗ್ರಾಂ ಬರೆಸುತ್ತಾರೆ. ಸ್ಟ್ರಿಂಗ್ (ಪಠ್ಯ) ಅರೇಯನ್ನು ಆಬ್ಜೆಕ್ಟ್ (ಯಾವುದೇ ವಸ್ತು) ಅರೇ ಟೈಪಿನ ವೇರಿಯೇಬಲ್‌ಗೆ ಕೊಟ್ಟು, ಅದರ ಸೊನ್ನೆಯ ಸ್ಥಾನದಲ್ಲಿ 42 ಎಂಬ ಸಂಖ್ಯೆ ಇಡಬೇಕು. ಕೋಡನ್ನು ಪರೀಕ್ಷಿಸಿ ಅನುವಾದಿಸುವ ಕಂಪೈಲರ್ ಚಕಾರ ಎತ್ತುವುದಿಲ್ಲ. ರನ್ ಮಾಡಿದರೆ ಅರೇಸ್ಟೋರ್‌ಎಕ್ಸೆಪ್ಶನ್ ಎಂಬ ದೋಷ ಬಂದು ಪ್ರೋಗ್ರಾಂ ನಿಲ್ಲುತ್ತದೆ. ಅದನ್ನೇ ಬೇಕಾದಂತೆ ಬೆಳೆಯುವ ಪಟ್ಟಿಯಾದ ಅರೇಲಿಸ್ಟ್‌ನಲ್ಲಿ ಬರೆಯಲು ಹೋದರೆ ಕಂಪೈಲ್ ಕೂಡ ಆಗುವುದಿಲ್ಲ, ಏಕೆಂದರೆ ಸ್ಟ್ರಿಂಗ್‌ಗಳ ಲಿಸ್ಟ್ ಜಾವಾದ ಲೆಕ್ಕದಲ್ಲಿ ಆಬ್ಜೆಕ್ಟ್‌ಗಳ ಲಿಸ್ಟ್ ಅಲ್ಲ. ಅರೇ ತನ್ನ ಟೈಪನ್ನು ರನ್ ಆಗುವಾಗಲೂ ನೆನಪಿಟ್ಟುಕೊಂಡು ಒಳಗಿಡುವ ವಸ್ತುವನ್ನು ಪರೀಕ್ಷಿಸುತ್ತದೆ, ಜೆನೆರಿಕ್ಸ್‌ನ ಪರೀಕ್ಷೆ ಮಾತ್ರ ಕಂಪೈಲ್ ಹಂತದಲ್ಲೇ ಮುಗಿಯುತ್ತದೆ ಎಂಬ ವ್ಯತ್ಯಾಸ ಬರೀ ಬಾಯಿಪಾಠವಾಗದೆ ಹೀಗೆ ಕಣ್ಣೆದುರೇ ತಿಳಿಯುತ್ತದೆ.

ಅದರ ಹಿಂದಿನ ಕಾರಣವನ್ನೂ ಸರ್ ಬಿಡುವುದಿಲ್ಲ. ಜಾವಾಕ್ಕೆ ಜೆನೆರಿಕ್ಸ್ ಬಂದದ್ದು 2004ರಲ್ಲಿ, 5ನೇ ಆವೃತ್ತಿಯೊಂದಿಗೆ. ಅಷ್ಟರಲ್ಲಿ ಬರೆದಿದ್ದ ಅಪಾರ ಹಳೆಯ ಕೋಡ್ ಕೆಡದೆ ನಡೆಯಲೆಂದು ಕಂಪೈಲ್ ಆದ ಮೇಲೆ ಟೈಪ್ ಪ್ಯಾರಾಮೀಟರನ್ನು (ಬಳಸುವಾಗ ನಿಜವಾದ ಟೈಪ್ ತುಂಬುವ ಟಿ ಎಂಬಂಥ ಹೆಸರನ್ನು) ಅಳಿಸಿಹಾಕುವ ವ್ಯವಸ್ಥೆ ಮಾಡಿದರು. ಟಿ ಎಂಬ ಟೈಪಿನ ಹೊಸ ಅರೇಯನ್ನು ನೇರವಾಗಿ ಸೃಷ್ಟಿಸಲು ಬಾರದಿರುವುದು ಇದೇ ಕಾರಣಕ್ಕೆ. ಇದನ್ನು ಹೇಳಿ ಸುಮ್ಮನಾಗದೆ ಅರೇಲಿಸ್ಟ್‌ನ ಸೋರ್ಸ್ ಕೋಡನ್ನೇ ತೆರೆದು, ಒಳಗಿರುವುದು ಸಾಮಾನ್ಯ ಆಬ್ಜೆಕ್ಟ್ ಅರೇ, ತುಂಬಿದಾಗ ಅದು ಸುಮಾರು ಒಂದೂವರೆ ಪಟ್ಟು ಬೆಳೆಯುತ್ತದೆ ಎಂದು ತೋರಿಸಿದರು. ನಂತರ ಅದೇ ಮಾದರಿಯಲ್ಲಿ ನಮ್ಮಿಂದಲೇ ಒಂದು ಸ್ಟ್ಯಾಕ್ (ಕೊನೆಗೆ ಇಟ್ಟದ್ದೇ ಮೊದಲು ಹೊರಬರುವ ರಾಶಿ) ಬರೆಸಿದರು. ಅಲ್ಲಿ ಟೈಪ್ ಸರಿಯೇ ಎಂದು ಖಚಿತಪಡಿಸಲಾಗದೆ ಕಂಪೈಲರ್ ಕೊಡುವ ಅನ್‌ಚೆಕ್ಡ್ ಎಚ್ಚರಿಕೆಯನ್ನು ಅಡಗಿಸುವ ಮೊದಲು ಆ ಕಾಸ್ಟ್ (ಒಂದು ಟೈಪನ್ನು ಇನ್ನೊಂದೆಂದು ಪರಿಗಣಿಸುವುದು) ಏಕೆ ಸುರಕ್ಷಿತ ಎಂದು ಕಾಮೆಂಟ್ ಬರೆಯಲೇಬೇಕು. ಬರೆಯದಿದ್ದರೆ ಕೋಡ್ ವಾಪಸು ಬರುತ್ತದೆ. ಈ ಶಿಸ್ತು ಎಲ್ಲ ಲ್ಯಾಬ್‌ಗಳಲ್ಲೂ ಬರಬೇಕೆಂಬುದು ನನ್ನ ಆಸೆ.

ಕೊರತೆ ಇರುವುದು ಟೈಪಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಹಲವು ಟೈಪುಗಳನ್ನು ಒಪ್ಪುವ ವೈಲ್ಡ್‌ಕಾರ್ಡ್‌ಗಳ ಪಾಠದಲ್ಲಿ. ಓದುವ ಲಿಸ್ಟ್‌ಗೆ ಎಕ್ಸ್‌ಟೆಂಡ್ಸ್, ತುಂಬುವ ಲಿಸ್ಟ್‌ಗೆ ಸೂಪರ್ ಎಂಬ ನಿಯಮವನ್ನು ಕೊನೆಯ ದಿನ ಗಡಿಬಿಡಿಯಲ್ಲಿ ಹೇಳಿ ಮುಗಿಸಿದರು. ಅತಿ ಹೆಚ್ಚು ಗೊಂದಲವಾಗುವುದೇ ಇಲ್ಲಿ, ಹಾಗಾಗಿ ಅದಕ್ಕೆ ಇಡೀ ಒಂದು ಸಂಜೆ ಬೇಕಿತ್ತು. ಕೈಗೆ ಕೊಡುವ ಝೆರಾಕ್ಸ್ ನೋಟ್ಸಿನಲ್ಲಿ ಇನ್ನೂ ಟೈಪ್ ಹೇಳದ ಹಳೆಯ ಲಿಸ್ಟ್‌ಗಳೇ ಇವೆ. ತರಗತಿಯಲ್ಲಿ ಬೇಡವೆಂದದ್ದನ್ನೇ ನೋಟ್ಸಿನಲ್ಲಿ ಓದುವುದು ಹೊಸಬರಿಗೆ ಕಷ್ಟ. ಮುಂದಿನ ಬ್ಯಾಚ್‌ಗೆ ಮೊದಲು ಅದನ್ನು ತಿದ್ದಬೇಕು. ಕ್ಲಾಸ್, ಇಂಟರ್‌ಫೇಸ್ ಗೊತ್ತಿರುವವರು ಧೈರ್ಯವಾಗಿ ಸೇರಿಕೊಳ್ಳಬಹುದು. ಪ್ರೋಗ್ರಾಮಿಂಗ್‌ಗೇ ಹೊಸಬರಾದವರಿಗೆ ಈ ವೇಗ ಹೆಚ್ಚೆನಿಸುತ್ತದೆ.