ಸ್ಕ್ಯಾನಿಂಗ್, ಪಟ್ಟಿ, ಪಠ್ಯ: ಹಾಸನ–ಚಿಕ್ಕಮಗಳೂರಿನ ವಿದ್ಯಾರ್ಥಿಗೆ ಯಾವ ಇಂಟರ್ನ್‌ಶಿಪ್?

ಕನ್ನಡ ಅಥವಾ ಇತಿಹಾಸ ಓದುವ ಹುಡುಗ ಹುಡುಗಿಯರಿಗೆ ಇಂಟರ್ನ್‌ಶಿಪ್ ಅಂದರೆ ಈಗ ಮುಖ್ಯವಾಗಿ ಮೂರು ದಾರಿ. ಬೆಂಗಳೂರಿಗೋ ಮೈಸೂರಿಗೋ ಹೋಗಿ ಹಸ್ತಪ್ರತಿ, ಹಳೆಯ ಪುಸ್ತಕ ಸ್ಕ್ಯಾನ್ ಮಾಡುವ ಕಡೆ ಸೇರಿಕೊಳ್ಳುವುದು ಒಂದು. ಊರಲ್ಲೇ ಇದ್ದು ಮಠದ, ಗ್ರಂಥಾಲಯದ ಅಥವಾ ಕಾಫಿ ತೋಟದ ಆಫೀಸಿನ ಹಳೆಯ ಕಾಗದಪತ್ರಗಳಿಗೆ ಪಟ್ಟಿ ಮಾಡಿಕೊಡುವುದು ಎರಡನೆಯದು. ಕೃತಿಸ್ವಾಮ್ಯದ ಹಕ್ಕು ಮುಗಿದ ಪುಸ್ತಕಗಳ ಚಿತ್ರಗಳನ್ನು, ಸ್ವಯಂಸೇವಕರು ನಡೆಸುವ ಆನ್‌ಲೈನ್ ಪುಸ್ತಕ ಭಂಡಾರವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಹುಡುಕಬಲ್ಲ ಪಠ್ಯವನ್ನಾಗಿ ತಿದ್ದುವುದು ಮೂರನೆಯದು. ಮೂರನ್ನೂ ಮಾಡಿ, ಮಾಡಿಸಿ ನೋಡಿದ ಮೇಲೆ ನನ್ನ ಮತ ಮೂರನೆಯದಕ್ಕೇ. ಅದರಲ್ಲೂ ಒಂದು ದೊಡ್ಡ ಕಿರಿಕಿರಿ ಇದೆ, ಅದನ್ನು ಮುಂದೆ ವಿವರವಾಗಿಯೇ ಹೇಳುತ್ತೇನೆ.

ಮೊದಲು ಸ್ಕ್ಯಾನಿಂಗ್. ಹೆಸರಿಗೆ ಭಾರೀ ಕೆಲಸ, ದೊಡ್ಡ ಕ್ಯಾಮೆರಾ, ದೊಡ್ಡ ಸ್ಟ್ಯಾಂಡು. ಆದರೆ ಇಂಟರ್ನ್ ಕೈಗೆ ಬರುವುದು ಹೆಚ್ಚಾಗಿ ಹಾಳೆ ತಿರುವುವುದು ಮತ್ತು ಗುಂಡಿ ಒತ್ತುವುದು. ಫೈಲು ಅವರ ಹಾರ್ಡ್‌ಡಿಸ್ಕಿನಲ್ಲೇ ಉಳಿಯುತ್ತದೆ. ಮುಗಿಸಿ ಬರುವಾಗ ತೋರಿಸಲು ಒಂದು ಪ್ರಮಾಣಪತ್ರ ಬಿಟ್ಟರೆ ಏನೂ ಇರುವುದಿಲ್ಲ. ಹಾಗಾಗಿ ಸೇರುವ ಮೊದಲೇ ಒಂದು ಪ್ರಶ್ನೆ ಕೇಳಿ: ಲೆಕ್ಕಾಚಾರ ಯಾರು ಮಾಡುತ್ತಾರೆ? ಅದನ್ನು ನಿಮಗೆ ಕಲಿಸುತ್ತಾರೆ ಎಂದಾದರೆ ಹೋಗಬಹುದು.

ಲೆಕ್ಕ ಅಂದೆನಲ್ಲ, ಅದು ಹೀಗೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಉದ್ದಕ್ಕೆ 6000 ಪಿಕ್ಸೆಲ್, ಅಗಲಕ್ಕೆ 4000. ಹದಿಮೂರು ಇಂಚು ಉದ್ದದ ಲೆಕ್ಕದ ಪುಸ್ತಕವನ್ನು ಚೌಕಟ್ಟು ತುಂಬುವಂತೆ ತೆಗೆದರೆ ಇಂಚಿಗೆ 460 ಪಿಕ್ಸೆಲ್ ಸಿಗುತ್ತದೆ, ಅಷ್ಟು ಧಾರಾಳ ಸಾಕು. ಹದಿನೆಂಟು ಇಂಚಿನ ತಾಳೆಗರಿ ಇಟ್ಟರೆ ಅದೇ ಕ್ಯಾಮೆರಾ ಇಂಚಿಗೆ 333ಕ್ಕೆ ಇಳಿಯುತ್ತದೆ. ಕಂಠದ (ಗರಿಯ ಮೇಲೆ ಕೊರೆದು ಬರೆಯುವ ಲೋಹದ ಲೇಖನಿ) ಗೆರೆ ತೆಳುವಾಗಿದ್ದು ಮಸಿ ಮಾಸಿದ್ದರೆ ಅಕ್ಷರ ಒಡೆಯುತ್ತದೆ. ಆಗ ಗರಿಯನ್ನು ಎಡ, ಬಲ ಎಂದು ಎರಡು ಚಿತ್ರವಾಗಿ, ನಡುವೆ ಎರಡು ಇಂಚು ಒಂದರ ಮೇಲೊಂದು ಬರುವಂತೆ ತೆಗೆಯಬೇಕು. ಸಂಕುಚನ ಇಲ್ಲದ, ಅಂದರೆ ಗಾತ್ರ ಕುಗ್ಗಿಸದ ಟಿಫ್ ಫೈಲು ಒಂದಕ್ಕೆ 72 ಎಂಬಿ. ಸಾವಿರ ಪುಟಕ್ಕೆ 72 ಜಿಬಿ, ಎರಡು ಪ್ರತಿ ಇಟ್ಟರೆ ಅದರ ಎರಡರಷ್ಟು. ಈ ಲೆಕ್ಕ ಹಾಕದೆ ಶುರು ಮಾಡಿದ ಕಡೆ ನಡುವೆ ಡಿಸ್ಕ್ ತುಂಬಿ, ಉಳಿದ ಪುಟಗಳನ್ನು ಗಾತ್ರ ಕುಗ್ಗಿಸುವ ಜೆಪೆಗ್‌ನಲ್ಲಿ ತೆಗೆದು, ಒಂದೇ ಕಟ್ಟು ಎರಡು ಗುಣಮಟ್ಟದ್ದಾಗಿ ಬಿಡುತ್ತದೆ.

ನಮ್ಮ ಕಡೆಯ ಸಾಮಗ್ರಿಗೆ ಇನ್ನೊಂದು ಎಚ್ಚರಿಕೆ ಬೇಕು. ಶೃಂಗೇರಿ ಮಠದ ಕಡತಗಳ ಹೆಸರು ಕೇಳಿರುತ್ತೀರಿ. ಕಡತ ಎಂದರೆ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲು ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆದದ್ದು. ಆ ಬರಹ ಬೆರಳು ತಾಗಿದರೂ ಒರಸಿಹೋಗುತ್ತದೆ. ಫ್ಲ್ಯಾಟ್‌ಬೆಡ್ ಸ್ಕ್ಯಾನರಿನ ಗಾಜಿಗೆ ಒತ್ತಿದರೆ ಅಕ್ಷರ ಗಾಜಿಗೆ ಅಂಟುತ್ತದೆ. ಧೂಳು ಎಂದು ಬ್ರಷ್ ಆಡಿಸಿದರೆ ಒಂದು ಸಾಲು ಹೋಯಿತು. ಕಡತವನ್ನು ಮೇಲಿನಿಂದಷ್ಟೇ ತೆಗೆಯಬೇಕು, ಎರಡು ದೀಪ ಎರಡು ಕಡೆಯಿಂದ 45 ಡಿಗ್ರಿಯಲ್ಲಿ, ಮಡಿಕೆ ಬಿಚ್ಚುವಾಗ ಅಂಚನ್ನು ಮಾತ್ರ ಹಿಡಿದು. ಇದನ್ನು ಹೇಳಿಕೊಡುವವರು ಎದುರಿಗೆ ಇಲ್ಲದಿದ್ದರೆ ವಿದ್ಯಾರ್ಥಿ ಕಡತ ಮುಟ್ಟಬಾರದು. ತಾಳೆಗರಿಗೆ ಎಣ್ಣೆ ಹಚ್ಚುವುದೂ ಅಷ್ಟೆ, ಇಂಟರ್ನ್ ಕೆಲಸವಲ್ಲ.

ಮಳೆಗಾಲದಲ್ಲಿ ಮಲೆನಾಡಿನಲ್ಲಿ ಸ್ಕ್ಯಾನಿಂಗ್ ಬೇಡ. ಲೆನ್ಸಿಗೂ ಬೂಷ್ಟು, ಕಾಗದಕ್ಕೂ ಬೂಷ್ಟು.

ಎರಡನೆಯದು ಪಟ್ಟಿ ಮಾಡುವ ಕೆಲಸ. ಊರಲ್ಲೇ ಆಗುತ್ತದೆ, ಖರ್ಚಿಲ್ಲ, ಕಲಿಯುವುದು ಬಹಳ. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಹಳೆಯ ತೋಟಗಳಲ್ಲಿ ಆಳಿನ ಹಾಜರಿ, ಕೂಲಿ ಬಟವಾಡೆ, ಕಾಫಿ ಬೋರ್ಡಿನ ಪೂಲಿಗೆ (ಬೆಳೆಗಾರರೆಲ್ಲರ ಕಾಫಿ ಒಟ್ಟುಗೂಡಿಸಿ ಮಾರುತ್ತಿದ್ದ ಹಿಂದಿನ ವ್ಯವಸ್ಥೆ) ಹಾಕಿದ ಮಾಲಿನ ರಸೀದಿ ಇನ್ನೂ ಟ್ರಂಕಿನಲ್ಲಿವೆ. ತೊಂದರೆ ಏನೆಂದರೆ ಮಾಲೀಕರ ಮನಸ್ಸು ಯಾವಾಗ ಬೇಕಾದರೂ ಬದಲಾಗಬಹುದು. ಕೂಲಿ ಬಾಕಿ, ಜಮೀನಿನ ವ್ಯಾಜ್ಯ ಪುಸ್ತಕದಲ್ಲಿ ಕಂಡ ಕೂಡಲೇ ಟ್ರಂಕು ಮುಚ್ಚುತ್ತದೆ. ಯಾವ ವರ್ಷದವರೆಗಿನ ಪುಸ್ತಕ ನೋಡಬಹುದು, ಪಟ್ಟಿಯಲ್ಲಿ ಆಳುಗಳ ಹೆಸರು ಬರಬಹುದೇ, ಚಿತ್ರ ತೆಗೆಯಬಹುದೇ ಎಂಬ ಮೂರನ್ನೂ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ.

ಕಾಲ ಗುರುತಿಸುವುದು ಈ ಕೆಲಸದ ಸೊಗಸು. ಲೆಕ್ಕದ ಪುಸ್ತಕದ ಮೇಲೆ ‘ಕ್ರೋಧಿ ನಾಮ ಸಂವತ್ಸರ’ ಎಂದಷ್ಟೇ ಇದೆ ಅನ್ನಿ. ಕ್ರೋಧಿ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ: 1904, 1964, 2024. ಹಾಗಿದ್ದರೆ ಯಾವುದು? ಒಳಗಿನ ಹಣದ ಕಾಲಂ ನೋಡಿ. ರೂಪಾಯಿ, ಆಣೆ, ಪೈ ಎಂದು ಮೂರು ಮನೆ ಇದ್ದರೆ 1904. ರೂಪಾಯಿ ಮತ್ತು ಪೈಸೆ ಎಂದು ಎರಡೇ ಇದ್ದರೆ 1964, ಏಕೆಂದರೆ ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ. ಪಟ್ಟಿಯಲ್ಲಿ ಪುಸ್ತಕದ ಮೇಲಿದ್ದ ಸಂವತ್ಸರ ಒಂದು ಕಾಲಂ, ನೀವು ಊಹಿಸಿದ ಇಸವಿ ಇನ್ನೊಂದು ಕಾಲಂ, ಊಹೆಗೆ ಆಧಾರ ಮೂರನೆಯ ಕಾಲಂ. ಮೂರನ್ನೂ ಒಂದೇ ಮನೆಯಲ್ಲಿ ತುರುಕಿದರೆ ಮುಂದೆ ಬರುವವರಿಗೆ ಯಾವುದು ದಾಖಲೆ, ಯಾವುದು ನಿಮ್ಮ ಮಾತು ಎಂದು ತಿಳಿಯದು.

ಎಕ್ಸೆಲ್ 1900ಕ್ಕಿಂತ ಹಿಂದಿನ ದಿನಾಂಕವನ್ನು ದಿನಾಂಕವಾಗಿ ಒಪ್ಪುವುದಿಲ್ಲ. ದಿನಾಂಕದ ಕಾಲಂ ಪೂರ್ತಿ ‘ಟೆಕ್ಸ್ಟ್’ ಮಾಡಿಟ್ಟೇ ಶುರು ಮಾಡಿ.

ಇನ್ನು ನನ್ನ ಮೆಚ್ಚಿನ ಮೂರನೆಯದು. ವಿಕಿಸೋರ್ಸ್‌ನಲ್ಲಿ ಎಡಕ್ಕೆ ಪಠ್ಯ, ಬಲಕ್ಕೆ ಪುಟದ ಚಿತ್ರ. ಓಸಿಆರ್ (ಚಿತ್ರದಲ್ಲಿರುವ ಅಕ್ಷರವನ್ನು ಯಂತ್ರವೇ ಓದುವ ವಿಧಾನ) ಗುಂಡಿ ಒತ್ತಿದರೆ ಯಂತ್ರ ಓದಿದ ಅಕ್ಷರ ಬರುತ್ತದೆ, ಅದನ್ನು ಚಿತ್ರಕ್ಕೆ ಹೋಲಿಸಿ ತಿದ್ದಬೇಕು. ಒಬ್ಬರು ತಿದ್ದಿದ ಪುಟದ ಗುರುತು ಹಳದಿ ಆಗುತ್ತದೆ, ಇನ್ನೊಬ್ಬರು ಪರಿಶೀಲಿಸಿದ ಮೇಲೆ ಹಸಿರು. ಅದನ್ನು ಹಸಿರು ಮಾಡಲು ಬೇರೊಬ್ಬರೇ ಬೇಕು, ತಿದ್ದಿದವರಿಗೇ ಆ ಅವಕಾಶ ಇರುವುದಿಲ್ಲ. ಇಬ್ಬರು ಗೆಳತಿಯರು ಜೊತೆಯಾಗಿ, ಒಬ್ಬರ ಪುಟ ಇನ್ನೊಬ್ಬರು ನೋಡುವಂತೆ ಮಾಡಿಕೊಂಡರೆ ಕೆಲಸ ಹಿತವಾಗಿ ಸಾಗುತ್ತದೆ. ನಿಮ್ಮ ಪ್ರತಿ ತಿದ್ದುಪಡಿ ನಿಮ್ಮ ಬಳಕೆದಾರ ಹೆಸರಿನಡಿ ದಿನಾಂಕ ಸಮೇತ ಉಳಿಯುತ್ತದೆ. ಮಾರ್ಗದರ್ಶಕರು ಅಂಕ ಕೊಡುವಾಗ ಬೇರೆ ಪುರಾವೆ ಬೇಡ. ಉಳಿದ ಎರಡು ದಾರಿಯಲ್ಲಿ ಇದು ಸಿಗುವುದಿಲ್ಲ, ನನ್ನ ಒಲವಿಗೆ ದೊಡ್ಡ ಕಾರಣ ಇದೇ.

ಹಾಸನ, ಚಿಕ್ಕಮಗಳೂರಿನವರಿಗೆ ಸಾಮಗ್ರಿಯ ಕೊರತೆ ಇಲ್ಲ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 5ನೆಯ ಸಂಪುಟ ಹಾಸನ ಜಿಲ್ಲೆಯದು, 1902ರದ್ದು. 6ನೆಯದು ಕಡೂರು ಜಿಲ್ಲೆಯದು, 1901ರದ್ದು. ಇಂದಿನ ಚಿಕ್ಕಮಗಳೂರೇ ಅಂದಿನ ಕಡೂರು ಜಿಲ್ಲೆ. ರೈಸ್ ತೀರಿಕೊಂಡದ್ದು 1927ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕರ ಮರಣಾನಂತರ 60 ವರ್ಷಕ್ಕೆ ಹಕ್ಕು ಮುಗಿಯುವುದರಿಂದ ಇವು ಮುಕ್ತ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳು ಹಾಗಲ್ಲ, ಅವನ್ನು ಮುಟ್ಟಬೇಡಿ. ಸಂಪುಟದ ಅಂಕಿಯೂ ಬೇರೆ: ಹಳೆಯ ಸರಣಿಯ 9ನೆಯ ಸಂಪುಟ ಬೆಂಗಳೂರು ಜಿಲ್ಲೆಯದಾದರೆ, ಪರಿಷ್ಕೃತ ಸರಣಿಯ 9 ಬೇಲೂರಿನದು. ‘ಎ.ಕ. 9’ ಎಂದಷ್ಟೇ ಬರೆದಿಟ್ಟರೆ ಓದುಗರು ದಾರಿ ತಪ್ಪುತ್ತಾರೆ. ಸರಣಿ, ತಾಲ್ಲೂಕು, ಶಾಸನ ಸಂಖ್ಯೆ, ಮೂರೂ ಇರಲಿ.

ಈಗ ಆ ಕಿರಿಕಿರಿ. ಅದರ ಹೆಸರು ಸೊನ್ನೆ.

ಕನ್ನಡದ ಅನುಸ್ವಾರ ‘ಂ’, ಕನ್ನಡದ ಅಂಕಿ ಸೊನ್ನೆ ‘೦’, ಎರಡೂ ಕಣ್ಣಿಗೆ ಒಂದೇ. ಕಂಪ್ಯೂಟರಿಗೆ ಎರಡೂ ಬೇರೆ ಬೇರೆ ಅಕ್ಷರ. ಓಸಿಆರ್ ಯಂತ್ರ ಇವನ್ನು ಮನಬಂದಂತೆ ಅದಲು ಬದಲು ಮಾಡುತ್ತದೆ. ‘ಗಂಗ’ ಎಂಬುದು ‘ಗ೦ಗ’ ಆಗಿ ಬಂದಿದ್ದರೆ ತೆರೆಯ ಮೇಲೆ ಎಷ್ಟು ದಿಟ್ಟಿಸಿದರೂ ತಪ್ಪು ಕಾಣದು. ಪುಟ ಹಳದಿ ಆಗುತ್ತದೆ, ಗೆಳತಿ ನೋಡಿ ಹಸಿರೂ ಮಾಡುತ್ತಾಳೆ. ಆಮೇಲೆ ಯಾರೋ ‘ಗಂಗ’ ಎಂದು ಹುಡುಕಿದರೆ ಆ ಪುಟ ಬರುವುದೇ ಇಲ್ಲ. ಪಠ್ಯ ಮಾಡಿದ್ದೇ ಹುಡುಕಲಿ ಎಂದು. ಹುಡುಕಿದರೆ ಸಿಗದಿದ್ದರೆ ಎರಡು ತಿಂಗಳ ಕೆಲಸ ಬರೀ ಚಿತ್ರಕ್ಕೆ ಸಮ.

ಹಾಗಾದರೆ ಇರುವ ಸೊನ್ನೆಯನ್ನೆಲ್ಲ ಒಮ್ಮೆಗೇ ಅನುಸ್ವಾರ ಮಾಡಿಬಿಡೋಣ ಎಂದು ಎಲ್ಲರಿಗೂ ಹೊಳೆಯುತ್ತದೆ. ಸಾದಾ ಗದ್ಯದಲ್ಲಿ ನಡೆದೀತು. ಶಾಸನದಲ್ಲಿ ಅದೇ ಅನಾಹುತ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯ ವರ್ಷ ಶಕ 1039, ಅಂದರೆ ಕ್ರಿ.ಶ. 1117. ಪಠ್ಯದಲ್ಲಿ ಇದು ‘೧೦೩೯’ ಎಂದಿದ್ದರೆ ಒಮ್ಮೆಗೇ ಬದಲಿಸುವ ಹೊಡೆತಕ್ಕೆ ನಡುವಿನ ಸೊನ್ನೆ ಅನುಸ್ವಾರವಾಗಿ ಕೂರುತ್ತದೆ. ಮತ್ತೆ ಕಣ್ಣಿಗೆ ಏನೂ ವ್ಯತ್ಯಾಸವಿಲ್ಲ, ಆದರೆ ಇಸವಿ ಸತ್ತಿತು. ಶಕವರ್ಷದ ಪ್ರಕಾರ ಜೋಡಿಸಲು ಹೋದಾಗ ಸೊನ್ನೆ ಇರುವ ವರ್ಷಗಳೆಲ್ಲ ಪಟ್ಟಿಯಿಂದ ಆಚೆ ಉಳಿಯುತ್ತವೆ.

ಪರಿಹಾರ ಇದೆ, ಎರಡು ಹೆಜ್ಜೆಯದು. ಪಠ್ಯವನ್ನು ಉಚಿತ ಬರವಣಿಗೆ ತಂತ್ರಾಂಶವಾದ ಲಿಬ್ರೆಆಫೀಸ್ ರೈಟರ್‌ಗೆ ಹಾಕಿ, ಹುಡುಕು–ಬದಲಿಸು ಕಿಟಕಿ ತೆರೆದು ‘ರೆಗ್ಯುಲರ್ ಎಕ್ಸ್‌ಪ್ರೆಶನ್’ ಎಂಬಲ್ಲಿ ಗುರುತು ಹಾಕಿ. ಮೊದಲು ([ಅ-ೌೞ])೦ ಹುಡುಕಿ, $1ಂ ಎಂದು ಬದಲಿಸಿ. ಅಕ್ಷರ ಅಥವಾ ಸ್ವರಚಿಹ್ನೆಯ ಬೆನ್ನಿಗಿರುವ ಸೊನ್ನೆ ಮಾತ್ರ ಅನುಸ್ವಾರವಾಗುತ್ತದೆ, ಅಂಕಿಯ ಪಕ್ಕದ್ದು ಉಳಿಯುತ್ತದೆ. ಆಮೇಲೆ ([೦-೯])ಂ ಹುಡುಕಿ, $1೦ ಎಂದು ಬದಲಿಸಿ. ಅಂಕಿಯ ಬೆನ್ನಿಗೆ ತಪ್ಪಾಗಿ ಕೂತ ಅನುಸ್ವಾರ ಮತ್ತೆ ಸೊನ್ನೆಯಾಗುತ್ತದೆ. ಒಂದು ಅಂಕಿಯಲ್ಲಿ ಎರಡು ಸೊನ್ನೆ ಒಟ್ಟಿಗೆ ಇದ್ದರೆ ಎರಡನೆಯ ಹೆಜ್ಜೆಯನ್ನು ಮತ್ತೊಮ್ಮೆ ಓಡಿಸಿ. ‘ೌ’ ಬರೆಯುವಾಗ ಚುಕ್ಕಿಯ ವೃತ್ತವೊಂದು ಕಾಣಿಸಿಕೊಳ್ಳಬಹುದು, ಅದಕ್ಕೆ ಹೆದರಬೇಡಿ. ಇದನ್ನು ಪುಟ ಹಳದಿ ಮಾಡುವ ಮೊದಲೇ ಮಾಡಬೇಕು. ಆಮೇಲೆ ಮಾಡುತ್ತೇನೆ ಎಂದು ಬಿಟ್ಟ ಪುಟಗಳನ್ನು ಯಾರೂ ಮತ್ತೆ ತೆರೆಯುವುದಿಲ್ಲ.

ಇದರ ತಮ್ಮನಂತಹ ಇನ್ನೊಂದು ತೊಂದರೆ ಇಂದು ಬಳಕೆ ತಪ್ಪಿದ ೞ ಮತ್ತು ಱ ಅಕ್ಷರಗಳು. ಹಳಗನ್ನಡ ಶಾಸನಗಳಲ್ಲಿ ಇವು ಧಾರಾಳ. ಓಸಿಆರ್ ಇವನ್ನು ಏನೇನೋ ಓದುತ್ತದೆ, ಫೋನಿನ ಕೀಲಿಮಣೆಯಲ್ಲಿ ಹುಡುಕುವುದು ಕಷ್ಟ, ಹಾಗಾಗಿ ವಿದ್ಯಾರ್ಥಿ ಸುಲಭಕ್ಕೆ ಳ, ರ ಹಾಕಿ ಮುಂದೆ ಹೋಗುತ್ತಾರೆ. ದಾನ ಕೆಡಿಸಿದವರನ್ನು ಶಪಿಸುವ ಕೊನೆಯ ಸಾಲಿನಲ್ಲಿ ‘ಅೞಿದವಂ’ ಎಂಬುದು ಮತ್ತೆ ಮತ್ತೆ ಬರುತ್ತದೆ. ಕೆಲವರು ೞ, ಕೆಲವರು ಳ ಬರೆದಿದ್ದರೆ ಶಾಪಾಶಯಗಳನ್ನು ಒಟ್ಟುಮಾಡುವುದು ಅಸಾಧ್ಯ. ಈ ಎರಡು ಅಕ್ಷರಗಳನ್ನು ಒಂದು ನೋಟ್‌ಪ್ಯಾಡ್ ಫೈಲಿನಲ್ಲಿ ಇಟ್ಟುಕೊಂಡು ಅಂಟಿಸಿ. ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಇರಬೇಕು, ಇಂದಿನ ಕಾಗುಣಿತಕ್ಕೆ ತಿದ್ದಲೇಬಾರದು.

ಮಹಾಪ್ರಾಣಗಳನ್ನು ಒಂದೊಂದಾಗಿ ನೋಡಿ. ಹಳೆಯ ಅಚ್ಚುಮೊಳೆಯಲ್ಲಿ ಧ, ಭ, ಢಗಳ ಹೊಟ್ಟೆಸೀಳು ಮಸಿ ತುಂಬಿ ಮುಚ್ಚಿರುತ್ತದೆ, ಯಂತ್ರ ಅದನ್ನು ದ, ಬ, ಡ ಎಂದೇ ಓದುತ್ತದೆ. ಅಂಚಿನಲ್ಲಿ ಅಚ್ಚಾದ ಸಾಲಿನ ಅಂಕಿಗಳೂ ಪಠ್ಯದ ನಡುವೆ ನುಸುಳಿರುತ್ತವೆ. ಗದ್ಯದ ಪುಟಕ್ಕೆ ಶುರುವಿನಲ್ಲಿ ಅರ್ಧ ಗಂಟೆ, ಶಾಸನದ ಪುಟಕ್ಕೆ ಅದರ ದುಪ್ಪಟ್ಟು ಹಿಡಿಯುತ್ತದೆ. ಮೊದಲ ವಾರ ಗದ್ಯವನ್ನೇ ತಿದ್ದಿ, ಆಮೇಲೆ ಶಾಸನಕ್ಕೆ ಬನ್ನಿ.

ಲ್ಯಾಪ್‌ಟಾಪ್ ಬೇಕೇ ಬೇಕು, ಫೋನಿನಲ್ಲಿ ಆಗದ ಕೆಲಸ. ಮನೆಯಲ್ಲಿ ಇಲ್ಲದಿದ್ದರೆ ಕಾಲೇಜಿನ ಕಂಪ್ಯೂಟರ್ ಲ್ಯಾಬು ಸಾಕು. ಪ್ರಮಾಣಪತ್ರವನ್ನು ವಿಕಿಸೋರ್ಸ್ ಕೊಡುವುದಿಲ್ಲ, ಕಾಲೇಜಿನ ಮಾರ್ಗದರ್ಶಕರಿಂದ ಮೊದಲೇ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಎಷ್ಟು ಪುಟ ಹಳದಿ, ಎಷ್ಟು ಹಸಿರು ಎಂಬ ಗುರಿ ಅದರಲ್ಲಿ ಇರಲಿ.

ದುಡ್ಡಿನ ಮಾತು. ಬೆಂಗಳೂರಿನಲ್ಲಿ ಪಿಜಿ, ಊಟ, ಓಡಾಟ ಸೇರಿ ತಿಂಗಳಿಗೆ ಹತ್ತು ಸಾವಿರವಾದರೂ ಇಟ್ಟುಕೊಳ್ಳಬೇಕು, ಹಾಸನದಿಂದ ದಿನಾ ರೈಲಿನಲ್ಲಿ ಹೋಗಿ ಬರುವ ದೂರವಲ್ಲ. ಸಂಬಳ ಕೊಡುವ ಕಡೆ ಸಿಕ್ಕರೆ, ಕೈಗೆ ಕ್ಯಾಮೆರಾ ಕೊಟ್ಟು ಕಲಿಸುವವರಿದ್ದರೆ ಸ್ಕ್ಯಾನಿಂಗ್‌ಗೆ ಹೋಗಿ. ಹಾಗಿಲ್ಲದಿದ್ದರೆ ಮನೆಯಲ್ಲೇ ಉಳಿದು, ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಪಠ್ಯ ತಿದ್ದುವುದು ಒಳ್ಳೆಯದು. ಒಂದೇ ಸಮ ಎಂಟು ಗಂಟೆ ಕೂತು ಇದನ್ನು ಮಾಡಲಾಗದು, ಕಣ್ಣು ದ–ಧ ನೋಡುವುದನ್ನೇ ನಿಲ್ಲಿಸುತ್ತದೆ. ಜನರ ಜೊತೆ ಮಾತಾಡುತ್ತಾ ಕೆಲಸ ಮಾಡಲು ಇಷ್ಟಪಡುವವರಿಗೆ, ತೋಟದ ಮನೆಯ ಹಿರಿಯರ ಪರಿಚಯ ಇರುವವರಿಗೆ ಪಟ್ಟಿಯ ಕೆಲಸ ಸರಿ. ಅದಕ್ಕೆ ಕಾಫಿ ಕೊಯ್ಲು ಮುಗಿದ ಮೇಲೆ, ಫೆಬ್ರುವರಿ–ಮಾರ್ಚ್‌ನಲ್ಲಿ ಹೋಗಿ. ಆಗ ಆಫೀಸಿನವರಿಗೆ ಬಿಡುವಿರುತ್ತದೆ, ಟ್ರಂಕು ಬಿಚ್ಚಲು ಒಣ ಹವೆಯೂ ಇರುತ್ತದೆ.