"ಗೂಗಲ್‌ನಿಂದ ಬಂದಿದ್ದೀವಿ" ಅಂದವರು ನಮ್ಮ ಮೆಸ್ಸಿಗೆ ಬಾಗಿಲು ಹಾಕಿಸಿದ ಕಥೆ

ಚಿಕ್ಕಬಳ್ಳಾಪುರದ ಕಡೆ ಹೋಟೆಲ್, ಬೇಕರಿ, ಹೋಮ್‌ಸ್ಟೇ ಏನಾದರೂ ನಡೆಸುತ್ತಿದ್ದೀರಾ? ಹಾಗಿದ್ದರೆ ಇದನ್ನು ಓದಿ. ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡು "ಸಾರ್, ಗೂಗಲ್‌ನಿಂದ ಬಂದಿದ್ದೀವಿ" ಅಂತ ಯಾರಾದರೂ ಮೆಟ್ಟಿಲು ಹತ್ತಿದರೆ ಫೋನ್ ಅವರ ಕೈಗೆ ಕೊಡಬೇಡಿ. ಮ್ಯಾಪ್‌ನಲ್ಲಿ ಅಂಗಡಿ ಹಾಕಿಸೋಕೆ ಗೂಗಲ್ ಒಂದು ರೂಪಾಯಿಯನ್ನೂ ತಗೊಳ್ಳಲ್ಲ.

ನಮ್ಮ ಚಿಕ್ಕಪ್ಪನದು ಊರಲ್ಲಿ ಸಣ್ಣ ಮೆಸ್. ಮುದ್ದೆ, ಬಸ್ಸಾರು, ಕಾಲಕ್ಕೆ ತಕ್ಕಂತೆ ಅವರೆಕಾಳು ಸಾರು. ವಾರದ ದಿನಗಳಲ್ಲಿ ಬರೋರೆಲ್ಲ ಗೊತ್ತಿರೋ ಮುಖಗಳೇ. ಕೋರ್ಟಿಗೆ ಬಂದವರು, ಮಾರ್ಕೆಟ್ಟಿಗೆ ಹೂವು ತಂದವರು. ಅವರಿಗೆ ಮ್ಯಾಪ್ ಯಾಕೆ ಬೇಕು? ಆದರೆ ಶನಿವಾರ, ಭಾನುವಾರದ ವ್ಯಾಪಾರವೇ ಬೇರೆ. ನಂದಿ ಬೆಟ್ಟಕ್ಕೆ ಬರೋರು ಮೊದಲಿಂದಲೂ ಇದ್ದರು. 2023ರ ಜನವರಿಯಲ್ಲಿ ಆವಲಗುರ್ಕಿಯಲ್ಲಿ ಆದಿಯೋಗಿ ಪ್ರತಿಮೆ ಆದ ಮೇಲಂತೂ ಬೆಂಗಳೂರಿನ ಕಾರುಗಳು ಇನ್ನೂ ಜಾಸ್ತಿ. ಅವರಿಗೆ ನಮ್ಮೂರಿನ ಗಲ್ಲಿಗಳು ಗೊತ್ತಿಲ್ಲ. ಕಾರಲ್ಲೇ ಕೂತು "ಮುದ್ದೆ ಊಟ" ಅಂತ ಹುಡುಕುತ್ತಾರೆ, ಫೋನ್ ತೋರಿಸಿದ ಕಡೆ ಬರುತ್ತಾರೆ.

ಆ ಇಬ್ಬರು ಹುಡುಗರಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಬಂದದ್ದೂ ಮಧ್ಯಾಹ್ನದ ರಶ್ ಮುಗಿದು, ಚಿಕ್ಕಪ್ಪ ಗಲ್ಲಾದಲ್ಲಿ ಸುಮ್ನೆ ಕೂತಿರೋ ಹೊತ್ತಿಗೆ. "ಅಂಕಲ್, ನಿಮ್ಮ ಹೋಟೆಲ್ ಆನ್‌ಲೈನಲ್ಲಿ ಕಾಣ್ತಾನೇ ಇಲ್ಲ. ಆಚೆ ರೋಡಿನವರದು ನೋಡಿ, ಫಸ್ಟ್ ಬರುತ್ತೆ." ಪ್ಯಾಕೇಜು 6,500 ರೂಪಾಯಿ. ಮ್ಯಾಪ್, ವೆಬ್‌ಸೈಟ್, ಗಲ್ಲಾ ಮೇಲೆ ಇಡೋಕೆ ಒಂದು ಕ್ಯೂಆರ್ ಬೋರ್ಡು. ನಂಬರ್ ಒನ್ ಗ್ಯಾರಂಟಿ. ಬಿಲ್ ಕೇಳಿದರೆ "ವಾಟ್ಸಾಪ್‌ಗೆ ಬರುತ್ತೆ ಅಂಕಲ್" ಅಂದರು. ಬಂದದ್ದು ಗುಡ್ ಮಾರ್ನಿಂಗ್ ಮೆಸೇಜುಗಳು ಮಾತ್ರ.

ಈ ನಂಬರ್ ಒನ್ ಗ್ಯಾರಂಟಿ ಅನ್ನೋದೇ ಬುರುಡೆ. ಗಿರಾಕಿ ಹುಡುಕಿದ್ದಕ್ಕೆ ಅಂಗಡಿ ಎಷ್ಟು ಹೊಂದುತ್ತೆ, ಅವನು ನಿಂತಿರೋ ಜಾಗದಿಂದ ಎಷ್ಟು ದೂರ ಇದೆ, ಎಷ್ಟು ಹೆಸರು ಮಾಡಿದೆ, ಇವನ್ನೆಲ್ಲ ನೋಡಿ ಗೂಗಲ್ ಮೇಲೆ ಕೆಳಗೆ ಮಾಡುತ್ತೆ. ಬೆಟ್ಟದ ಹತ್ತಿರ ನಿಂತವನಿಗೆ ಒಂದು ಹೋಟೆಲ್ ಮೊದಲು ಬಂದರೆ, ನಮ್ಮ ಬಸ್ ಸ್ಟ್ಯಾಂಡಲ್ಲಿ ನಿಂತವನಿಗೆ ಇನ್ನೊಂದು. ದುಡ್ಡು ಕೊಟ್ಟರೆ ಜಾಹೀರಾತು ಅಂತ ಬರೆದುಕೊಂಡು ಮೇಲೆ ಬರಬಹುದು, ಅಷ್ಟೇ.

ಮೊದಲ ವರ್ಷ ಏನೂ ತೊಂದರೆ ಇರಲಿಲ್ಲ. ಫೋಟೋಗಳನ್ನು ಚೆನ್ನಾಗಿಯೇ ತೆಗೆದಿದ್ದರು, ಸುಳ್ಳು ಹೇಳಬಾರದು. ವಾರಾಂತ್ಯದ ಗಿರಾಕಿಗಳೂ ಹೆಚ್ಚಾದರು. ಆಮೇಲೆ ರಿನ್ಯೂವಲ್ ಅಂತ ಫೋನ್ ಬಂತು. ಈ ಸಲ 12,000. ಚಿಕ್ಕಪ್ಪ "ಅಷ್ಟೆಲ್ಲ ಆಗಲ್ಲಪ್ಪ" ಅಂದು ಫೋನಿಟ್ಟರು.

ಅದಾದ ಶನಿವಾರ ಒಂದೂ ಕಾರಿಲ್ಲ. ಮಳೆ ಇರಬೇಕು, ಪರೀಕ್ಷೆ ಇರಬೇಕು ಅಂತ ನಾವೇ ಸಮಾಧಾನ ಮಾಡಿಕೊಂಡೆವು. ಭಾನುವಾರ ಯಲಹಂಕದ ಹಳೇ ಗಿರಾಕಿಯೊಬ್ಬರು ಚಿಕ್ಕಪ್ಪನ ಮೊಬೈಲಿಗೆ ಫೋನ್ ಮಾಡಿದರು. "ಏನ್ ಸ್ವಾಮಿ, ಮೆಸ್ ಮುಚ್ಚಿಬಿಟ್ರಾ?" ಮ್ಯಾಪ್ ತೆಗೆದು ನೋಡಿದರೆ ನಮ್ಮ ಹೆಸರಿನ ಕೆಳಗೆ ಕೆಂಪು ಅಕ್ಷರದಲ್ಲಿ "ಶಾಶ್ವತವಾಗಿ ಮುಚ್ಚಲಾಗಿದೆ" ಅಂತಿದೆ. ಒಳಗೆ ಚಿಕ್ಕಮ್ಮ ಆಗಿನ್ನೂ ಮುದ್ದೆ ಕಟ್ಟುತ್ತಿದ್ದರು. ಹುಡುಗರಿಗೆ ಫೋನ್ ಮಾಡಿದರೆ ಒಂದೇ ಮಾತು: "ಪೇಮೆಂಟ್ ಹಾಕಿ, ಓಪನ್ ಆಗುತ್ತೆ."

ಆಗಿದ್ದಿಷ್ಟು. ಅವರು ನಮ್ಮ ಮೆಸ್ಸಿನ ಬಿಸಿನೆಸ್ ಪ್ರೊಫೈಲ್, ಅಂದರೆ ಮ್ಯಾಪ್‌ನಲ್ಲಿ ಅಂಗಡಿಯ ಹೆಸರು, ಫೋಟೋ, ಟೈಮಿಂಗ್ ಕಾಣೋ ಪುಟ, ಮಾಡಿದ್ದು ತಮ್ಮ ಜಿಮೇಲ್‌ನಲ್ಲಿ. ಗೂಗಲ್ ಲೆಕ್ಕದಲ್ಲಿ ನಮ್ಮ ಮೆಸ್ಸಿಗೆ ಓನರ್ ಅವರೇ. ಚಿಕ್ಕಪ್ಪನ ಹೆಸರು ಎಲ್ಲೂ ಇಲ್ಲ. ಆದ್ದರಿಂದ ಯಾರೇ ಈ ಕೆಲಸಕ್ಕೆ ಬಂದರೂ ರೇಟು ಆಮೇಲೆ ಕೇಳಿ, ಮೊದಲು ಜಿಮೇಲ್ ಯಾರದು ಅಂತ ಕೇಳಿ. ಪ್ರೊಫೈಲ್ ನಿಮ್ಮ ಜಿಮೇಲ್‌ನಲ್ಲೇ ಆಗಬೇಕು. ಕೆಲಸ ಮಾಡೋರನ್ನು ಮ್ಯಾನೇಜರ್ ಅಂತ ಸೇರಿಸಿದರೆ ಸಾಕು. ಮ್ಯಾನೇಜರ್ ಆದವನು ಫೋಟೋ ಹಾಕಬಹುದು, ಟೈಮಿಂಗ್ ಬದಲಾಯಿಸಬಹುದು, ರಿವ್ಯೂಗೆ ಉತ್ತರ ಕೊಡಬಹುದು. ಓನರನ್ನು ತೆಗೆದುಹಾಕೋಕೆ ಆಗಲ್ಲ. ಜಗಳವಾದರೆ ನೀವೇ ಅವನನ್ನು ತೆಗೆಯಬಹುದು.

ಈಗಾಗಲೇ ಸಿಕ್ಕಿಕೊಂಡಿದ್ದರೆ ದಾರಿ ಇದೆ. ಸಿಟ್ಟಿನಲ್ಲಿ ಹೊಸ ಪ್ರೊಫೈಲ್ ಮಾಡಬೇಡಿ. ಹಳೆಯದರಲ್ಲಿರೋ ರಿವ್ಯೂಗಳು ನೀವು ದುಡಿದು ಗಳಿಸಿದ್ದು. ನಿಮ್ಮ ಜಿಮೇಲ್‌ನಿಂದ ಅದೇ ಪ್ರೊಫೈಲ್‌ನ ಮಾಲೀಕತ್ವ ಕೇಳಿ ಕೋರಿಕೆ ಹಾಕಬಹುದು. ಈಗಿರೋ ಓನರಿಗೆ ಉತ್ತರ ಕೊಡೋಕೆ 3 ದಿನ ಟೈಮ್ ಇರುತ್ತೆ. ಆ ಹುಡುಗರು ಉತ್ತರವನ್ನೇ ಕೊಡಲಿಲ್ಲ. ಆಮೇಲೆ ಗೂಗಲ್ ನಮ್ಮನ್ನು ವಿಡಿಯೋ ಕೇಳಿತು. ಎಲ್ಲೂ ಕತ್ತರಿಸದೆ ಒಂದೇ ಸಲಕ್ಕೆ ತೆಗೀಬೇಕು. ರಸ್ತೆ, ಬೋರ್ಡು, ಪಕ್ಕದ ಅಂಗಡಿ ಕಾಣಬೇಕು. ಬೀಗ ತೆಗೆಯೋದು, ಅಡುಗೆಮನೆ, ಗೋಡೆ ಮೇಲಿನ ಲೈಸೆನ್ಸು, ಹೀಗೆ ಅಂಗಡಿ ನಿಮ್ಮದೇ ಅನ್ನೋದಕ್ಕೆ ಏನಾದರೂ ತೋರಿಸಬೇಕು. ಚಿಕ್ಕಪ್ಪ ಗಂಭೀರವಾಗಿ ಶಟರ್ ಎತ್ತುತ್ತಿದ್ದರೆ ಎದುರಿನ ಜೆರಾಕ್ಸ್ ಅಂಗಡಿಯವನು "ಏನಣ್ಣ, ರೀಲ್ಸಾ?" ಅಂತ ಕೂಗಿದ. ಅವನ ಮಾತೂ ಸೇರಿ ರೆಕಾರ್ಡಾಯಿತು. ಮತ್ತೆ ತೆಗೆಯೋಕೆ ಚಿಕ್ಕಪ್ಪ ಒಪ್ಪಲಿಲ್ಲ, ಹಾಗೇ ಕಳಿಸಿದೆವು. ಪಾಸಾಯಿತು. ರಿವ್ಯೂ ಒಂದೂ ಹೋಗಲಿಲ್ಲ.

ವೆಬ್‌ಸೈಟ್ ಮಾತ್ರ ಹೋಯಿತು. ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಅವರ ಹೆಸರಲ್ಲಿತ್ತು, ಲಾಗಿನ್ನೂ ಅವರ ಹತ್ತಿರವೇ. ಮುದ್ದೆ ಮೆಸ್ಸಿಗೆ ವೆಬ್‌ಸೈಟ್ ಯಾಕೆ ಅನ್ನೋದು ನನ್ನ ಅಭಿಪ್ರಾಯ, ಹಾಗಾಗಿ ನಾವು ಬಿಟ್ಟೆವು. ಹೋಮ್‌ಸ್ಟೇ ಇಟ್ಟುಕೊಂಡು ಅದರಿಂದಲೇ ಬುಕಿಂಗ್ ತಗೊಳ್ಳೋರು ಹಾಗೆ ಬಿಡೋಕಾಗಲ್ಲ ಅಲ್ವಾ? ಡೊಮೇನ್ ನಿಮ್ಮ ಹೆಸರಲ್ಲಿ, ನಿಮ್ಮ ಈಮೇಲ್‌ನಲ್ಲಿ ರಿಜಿಸ್ಟರ್ ಮಾಡಿಸಿ. "ಗೂಗಲ್ಲೇ ಫ್ರೀ ವೆಬ್‌ಸೈಟ್ ಕೊಡುತ್ತೆ, ಸೆಟಪ್ ಚಾರ್ಜ್ ಮಾತ್ರ" ಅಂತ ಹೇಳೋರೂ ಇದ್ದಾರೆ. ಬಿಸಿನೆಸ್ ಪ್ರೊಫೈಲ್ ಜೊತೆ ಬರುತ್ತಿದ್ದ ಆ ವೆಬ್‌ಸೈಟುಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲೇ ನಿಲ್ಲಿಸಿದೆ.

ಇನ್ನು ವೆರಿಫಿಕೇಶನ್‌ಗೆ ಅಂತ ಓಟಿಪಿ ಅಥವಾ ಯುಪಿಐ ಪಿನ್ ಹಾಕಿಸಿ ಯಾರಾದರೂ ದುಡ್ಡು ಎಳೆದಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಈಗ ನಮ್ಮ ಪ್ರೊಫೈಲ್ ನೋಡಿಕೊಳ್ಳೋದು ಊರಿನ ಡಿಗ್ರಿ ಓದೋ ಹುಡುಗಿ. ಮ್ಯಾನೇಜರ್ ಅಂತ ಸೇರಿಸಿದ್ದೇವೆ, ತಿಂಗಳಿಗೆ ಇಷ್ಟು ಅಂತ ಕೊಡುತ್ತೇವೆ. ಆ ಹುಡುಗರು ಈಗ ಶಿಡ್ಲಘಟ್ಟ, ಚಿಂತಾಮಣಿ ಕಡೆ ಸುತ್ತುತ್ತಿದ್ದಾರಂತೆ. ಆ ಕಡೆ ನಿಮ್ಮ ನೆಂಟರ ಅಂಗಡಿ ಇದ್ದರೆ ಇವತ್ತೇ ಒಂದು ಫೋನ್ ಮಾಡಿ ಹೇಳಿಬಿಡಿ.