ಎಕ್ಸಿಫ್‌ಟೂಲ್ ದೀರ್ಘ ಬಳಕೆಯ ವಿಮರ್ಶೆ: ಥರ್ಮಲ್ ಚಿತ್ರದ ಫಾರ್ಮ್ಯಾಟ್ ಬದಲಿಸುವಾಗ ಮೆಟಾಡೇಟಾ ಎಲ್ಲಿ ಉಳಿಯುತ್ತದೆ, ಎಲ್ಲಿ ಸೋರುತ್ತದೆ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಥರ್ಮಲ್ ಕ್ಯಾಮೆರಾದ ಫೈಲಿನೊಳಗೆ ಏನೇನು ಅಡಗಿದೆ ಎಂದು ಓದುವುದರಲ್ಲಿ ಎಕ್ಸಿಫ್‌ಟೂಲ್‌ಗೆ ಸಾಟಿಯಿಲ್ಲ. ಆದರೆ ಓದಿದ್ದನ್ನೆಲ್ಲ ಇನ್ನೊಂದು ಫಾರ್ಮ್ಯಾಟ್‌ಗೆ ತಾನೇ ದಾಟಿಸುತ್ತದೆ ಎಂದು ನಂಬಿ ಕೂತರೆ ಕೆಟ್ಟಿರಿ. ಓದುವ ಶಕ್ತಿಗೂ ಬರೆಯುವ ಶಕ್ತಿಗೂ ನಡುವೆ ದೊಡ್ಡ ಅಂತರವಿದೆ. ಈ ವಿಮರ್ಶೆ ಹೆಚ್ಚಾಗಿ ಆ ಅಂತರವನ್ನು ತುಂಬಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ.

ಗೊತ್ತಿಲ್ಲದವರಿಗೆ: ಇದು ಫಿಲ್ ಹಾರ್ವಿ 2003ರಲ್ಲಿ ಶುರುಮಾಡಿದ, ಪರ್ಲ್ ಭಾಷೆಯಲ್ಲಿ ಬರೆದ ಉಚಿತ ಕಮಾಂಡ್‌ಲೈನ್ ಉಪಕರಣ. ಫೈಲಿನ ಮೆಟಾಡೇಟಾವನ್ನು, ಅಂದರೆ ಚಿತ್ರದ ಜೊತೆ ಟ್ಯಾಗ್‌ಗಳಾಗಿ ಕೂತ ವಿವರಗಳನ್ನು, ಓದಿ ಬರೆಯುವುದು ಇದರ ಕೆಲಸ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ವಿಂಡೋಸ್‌ನ ಈಚಿನ ಆವೃತ್ತಿಗಳಲ್ಲಿ ಇಎಕ್ಸ್‌ಇ ಫೈಲಿನ ಜೊತೆಗೆ ಬರುವ ಫೋಲ್ಡರ್ ಅನ್ನೂ ಅದೇ ಜಾಗಕ್ಕೆ ಹಾಕಬೇಕು. ಹಿಂದಿನ ರೂಢಿಯಂತೆ ಇಎಕ್ಸ್‌ಇ ಒಂದನ್ನೇ ನಕಲು ಮಾಡಿದರೆ ಪ್ರೋಗ್ರಾಮ್ ಏಳುವುದೇ ಇಲ್ಲ.

ಫ್ಲಿರ್ ಕಂಪನಿಯ ಥರ್ಮಲ್ ಕ್ಯಾಮೆರಾದ ರೇಡಿಯೊಮೆಟ್ರಿಕ್ ಜೆಪೆಗ್ (ಶಾಖದ ಅಳತೆಯನ್ನೂ ಹೊತ್ತ ಚಿತ್ರ) ನೋಡಲು ಮಾಮೂಲಿ ಜೆಪೆಗ್‌ನಂತೆಯೇ ಇರುತ್ತದೆ. ಕಣ್ಣಿಗೆ ಕಾಣುವ ಬಣ್ಣದ ಚಿತ್ರ ಬರೀ ಪ್ಯಾಲೆಟ್ ಬಳಿದ ಪ್ರಿವ್ಯೂ. ನಿಜವಾದ ಅಳತೆ, ಅಂದರೆ ಸೆನ್ಸರ್‌ನ 16 ಬಿಟ್ ಸಂಖ್ಯೆಗಳು, ಎಪಿಪಿ1 ಎಂಬ ವಿಭಾಗಗಳಲ್ಲಿ ಇರುತ್ತವೆ. ಜೆಪೆಗ್‌ನ ಒಂದು ವಿಭಾಗದಲ್ಲಿ 65,533 ಬೈಟ್‌ಗಿಂತ ಹೆಚ್ಚು ಹಿಡಿಸದು. 640×480 ಚಿತ್ರದ ಕಚ್ಚಾ ದತ್ತಾಂಶ ಸಂಕುಚಿಸದಿದ್ದರೆ 6,14,400 ಬೈಟ್. ಹಾಗಾಗಿ ಕ್ಯಾಮೆರಾ ಅದನ್ನು ತುಂಡು ಮಾಡಿ, ಒಂದೊಂದಕ್ಕೂ ಕ್ರಮಸಂಖ್ಯೆ ಕೊಟ್ಟು ಸಾಲಾಗಿ ಇಡುತ್ತದೆ. ಎಮಿಸಿವಿಟಿ (ಮೇಲ್ಮೈ ಎಷ್ಟು ಚೆನ್ನಾಗಿ ಶಾಖ ಸೂಸುತ್ತದೆ ಎಂಬ ಅಳತೆ), ದೂರ, ಪ್ರತಿಫಲಿತ ತಾಪಮಾನ, ತೇವಾಂಶ, ಪ್ಲ್ಯಾಂಕ್ ಸ್ಥಿರಾಂಕಗಳು (ಕಚ್ಚಾ ಸಂಖ್ಯೆಯನ್ನು ತಾಪಮಾನ ಮಾಡುವ ಸೂತ್ರದ ಅಂಕಿಗಳು) ಇವೂ ಅಲ್ಲೇ. ಫೋಟೊ ಎಡಿಟರ್‌ನಲ್ಲಿ ತೆರೆದು ‘ಸೇವ್ ಆ್ಯಸ್’ ಒತ್ತಿದರೆ ಪ್ರಿವ್ಯೂ ಉಳಿಯುತ್ತದೆ, ಈ ಸಾಲು ಸಾಮಾನ್ಯವಾಗಿ ಹೋಗುತ್ತದೆ. ಚಿತ್ರ ನೋಡಿದರೆ ಏನೂ ಕಳೆದಂತೆ ಕಾಣದು ಎಂಬುದೇ ಇಲ್ಲಿನ ಅಪಾಯ.

ಓದುವ ಹಂತ ಸುಲಭ, ಆದರೂ ಮೂರು ಕಡೆ ಎಡವಬಹುದು. ಒಂದು, ಮಾಮೂಲಿ ಔಟ್‌ಪುಟ್ ಮನುಷ್ಯರು ಓದಲೆಂದು ದುಂಡು ಮಾಡಿದ್ದು: ‘20.0 ಸಿ’, ‘50.0 %’ ಎಂದು ಘಟಕ ಸಮೇತ ಬರುತ್ತದೆ. ಲೆಕ್ಕಕ್ಕೆ ಬಳಸುವುದಾದರೆ ‘-ಎನ್’ ಆಯ್ಕೆ ಹಾಕಲೇಬೇಕು. ಎರಡು, ‘-ಎನ್’ ಹಾಕಿದ ಕೂಡಲೇ ತೇವಾಂಶ 50 ಹೋಗಿ 0.5 ಆಗುತ್ತದೆ. ಕಚ್ಚಾ ಸಂಖ್ಯೆಯನ್ನು ತಾಪಮಾನ ಮಾಡಿಕೊಡುವ, ಆರ್ ಭಾಷೆಯ ಥರ್ಮಿಮೇಜ್ ಪ್ಯಾಕೇಜಿನ ಫಂಕ್ಷನ್ ಕೇಳುವುದು ಶೇಕಡಾವಾರು. 0.5 ಅನ್ನು ಹಾಗೇ ಕೊಟ್ಟರೆ ಅದು ಅರ್ಧ ಪರ್ಸೆಂಟ್ ತೇವಾಂಶ ಎಂದು ತಿಳಿದು ಲೆಕ್ಕ ಹಾಕುತ್ತದೆ, ಎರರ್ ಏನೂ ಬರುವುದಿಲ್ಲ. ಹತ್ತಿರದ ವಸ್ತುವಿಗೆ ವ್ಯತ್ಯಾಸ ಗೊತ್ತೇ ಆಗದು, ದೂರ ಹೆಚ್ಚಿದಂತೆ ಹೆಚ್ಚುತ್ತದೆ. ಮೂರು, ಎಮಿಸಿವಿಟಿಯಂಥ ಟ್ಯಾಗ್ ಮೇಕರ್‌ನೋಟ್ಸ್ ಎಂಬ ತಯಾರಕರ ಟಿಪ್ಪಣಿ ಭಾಗದಲ್ಲೂ ಇರಬಹುದು, ಫ್ಲಿರ್ ವಿಭಾಗದಲ್ಲೂ ಇರಬಹುದು. ‘-ಎ’ ಇಲ್ಲದಿದ್ದರೆ ಒಂದು ಮಾತ್ರ ಕಾಣುತ್ತದೆ, ‘-ಜಿ0’ ಯಾವುದು ಎಲ್ಲಿಯದೆಂದು ತೋರಿಸುತ್ತದೆ. ‘-ಎ -ಜಿ0 -ಎನ್’ ಮೂರನ್ನೂ ಸೇರಿಸಿ ಓದುವುದು ಒಳ್ಳೆಯ ಅಭ್ಯಾಸ.

ಈಗ ಕಚ್ಚಾ ಚಿತ್ರ ಹೊರತೆಗೆಯುವುದು. ‘-ಬಿ -ರಾಥರ್ಮಲ್‌ಇಮೇಜ್’ ಎಂದು ಕೊಟ್ಟು, ಬಾಣದ ಗುರುತಿನಿಂದ (>) ಫೈಲಿಗೆ ತಿರುಗಿಸುವುದನ್ನು ಅಂತರ್ಜಾಲದ ಬಹುತೇಕ ಪಾಠಗಳು ಹೇಳುತ್ತವೆ. ವಿಂಡೋಸ್ ಜೊತೆಗೇ ಬರುವ ಪವರ್‌ಶೆಲ್ 5.1ರಲ್ಲಿ ಹೀಗೆ ಮಾಡಿದರೆ ಫೈಲ್ ಹಾಳು. ಅದು ಬೈನರಿಯನ್ನು ಅಕ್ಷರವೆಂದು ತಿಳಿದು ಎನ್‌ಕೋಡಿಂಗ್ ಬದಲಿಸುತ್ತದೆ, ಫೈಲಿನ ಗಾತ್ರವೂ ಹಿಗ್ಗಿರುತ್ತದೆ. ಬಾಣ ಬಿಟ್ಟು ದೊಡ್ಡ ಅಕ್ಷರದ ‘-ಡಬ್ಲ್ಯೂ’ ಆಯ್ಕೆ ಬಳಸಿ. ಅದರಲ್ಲಿ ಶೇಕಡಾ ಗುರುತಿನ ಜೊತೆ ‘ಎಸ್’ ಕೊಟ್ಟರೆ ಒಳಗಿರುವುದು ಪಿಎನ್‌ಜಿಯೋ ಟಿಫ್ಪೋ ಎಂದು ನೋಡಿ ಸರಿಯಾದ ಎಕ್ಸ್‌ಟೆನ್ಷನ್ ತಾನೇ ಹಾಕುತ್ತದೆ. ಯಾವುದಿರುತ್ತದೆ ಎನ್ನುವುದು ಕ್ಯಾಮೆರಾ ಮಾದರಿಯ ಮೇಲೆ ನಿಂತಿದೆ. ‘ರಾಥರ್ಮಲ್‌ಇಮೇಜ್‌ಟೈಪ್’ ಟ್ಯಾಗ್‌ನಲ್ಲೂ ಅದನ್ನು ನೋಡಬಹುದು.

ಪಿಎನ್‌ಜಿ ಆದರೆ ಅತ್ಯಂತ ದುಬಾರಿಯಾಗಬಲ್ಲ ತಪ್ಪು ಇಲ್ಲಿದೆ. ಪಿಎನ್‌ಜಿ ನಿಯಮದ ಪ್ರಕಾರ 16 ಬಿಟ್ ಸಂಖ್ಯೆಯ ದೊಡ್ಡ ಬೈಟ್ ಮೊದಲು ಬರಬೇಕು. ಫ್ಲಿರ್ ಫೈಲಿನೊಳಗಿನ ಪಿಎನ್‌ಜಿಯಲ್ಲಿ ಅದು ಸಾಮಾನ್ಯವಾಗಿ ಉಲ್ಟಾ. ಎಕ್ಸಿಫ್‌ಟೂಲ್ ಇದ್ದದ್ದನ್ನು ಇದ್ದಂತೆ ಕೊಡುತ್ತದೆ, ಬೈಟ್ ಅದಲುಬದಲು ಮಾಡುವುದು ನಿಮ್ಮ ಕೆಲಸ. ಮಾಡದಿದ್ದರೆ ಏನಾಗುತ್ತದೆ ನೋಡಿ. ಥರ್ಮಿಮೇಜ್‌ನಲ್ಲಿ ಪೂರ್ವನಿಯೋಜಿತವಾಗಿರುವ ಸ್ಥಿರಾಂಕಗಳನ್ನೇ ತೆಗೆದುಕೊಳ್ಳೋಣ: ಆರ್1 21106.77, ಆರ್2 0.012545258, ಬಿ 1501, ಎಫ್ 1, ಓ −7340. ಕಚ್ಚಾ ಸಂಖ್ಯೆಗೆ ಓ ಸೇರಿಸಿ, ಆರ್2ರಿಂದ ಗುಣಿಸಿ, ಬಂದದ್ದರಿಂದ ಆರ್1 ಅನ್ನು ಭಾಗಿಸಿ, ಎಫ್ ಕೂಡಿಸಿ, ಸ್ವಾಭಾವಿಕ ಲಾಗರಿದಮ್ ತೆಗೆಯಬೇಕು. ಬಿಯನ್ನು ಅದರಿಂದ ಭಾಗಿಸಿದರೆ ಕೆಲ್ವಿನ್. ಎಮಿಸಿವಿಟಿ 1, ವಾತಾವರಣದ ತಿದ್ದುಪಡಿ ಇಲ್ಲ ಎಂದಿಟ್ಟುಕೊಂಡರೆ ಕಚ್ಚಾ 18000 ಎಂದರೆ ಸುಮಾರು 23.0 ಡಿಗ್ರಿ ಸೆಲ್ಸಿಯಸ್. 18000ದ ಎರಡು ಬೈಟ್‌ಗಳು 70 ಮತ್ತು 80. ತಿರುಗುಮುರುಗಾದರೆ 20550, ಅಂದರೆ 36.0 ಡಿಗ್ರಿ. ಗೋಡೆಯ ತಾಪಮಾನ ಮನುಷ್ಯನ ಮೈಯ ತಾಪಮಾನವಾಗಿ ಬಂತು, ನೋಡಿದವರು ನಂಬಿಯೂಬಿಡುತ್ತಾರೆ! ಪಕ್ಕದ ಪಿಕ್ಸೆಲ್ 18001 ಆಗಿದ್ದರೆ ನಿಜವಾದ ವ್ಯತ್ಯಾಸ 0.005 ಡಿಗ್ರಿಯಷ್ಟು, ಉಲ್ಟಾ ಓದಿದರೆ 1.2 ಡಿಗ್ರಿ. 18176ಕ್ಕೆ ಬಂದಾಗ ಸಂಖ್ಯೆ 71ಕ್ಕೆ ಕುಸಿದು ಲಾಗರಿದಮ್ಮೇ ಸಿಗದೆ ಖಾಲಿ ಪಿಕ್ಸೆಲ್ ಆಗುತ್ತದೆ. ಆದ್ದರಿಂದ ಚಿತ್ರದಲ್ಲಿ ರವೆ ಚೆಲ್ಲಿದಂತೆ ಚುಕ್ಕೆಗಳು, ಅಲ್ಲಲ್ಲಿ ತೂತುಗಳು ಕಂಡರೆ ಸೆನ್ಸರ್ ಅನ್ನು ಬೈಯಬೇಡಿ, ಬೈಟ್ ಕ್ರಮ ನೋಡಿ. ಒಳಗಿರುವುದು ಟಿಫ್ ಆಗಿದ್ದರೆ ಈ ಗೋಳಿಲ್ಲ. ಬೈಟ್ ಕ್ರಮವನ್ನು ಟಿಫ್ ತನ್ನ ತಲೆಬರಹದಲ್ಲೇ ಹೇಳಿಕೊಂಡಿರುತ್ತದೆ.

ಮುಂದೆ ಟಿಫ್ ಮಾಡುವಾಗ ಎರಡು ದಾರಿ: 16 ಬಿಟ್ ಕಚ್ಚಾ ಸಂಖ್ಯೆಯನ್ನೇ ಇಡುವುದು, ಇಲ್ಲವೇ ಲೆಕ್ಕ ಮಾಡಿದ ತಾಪಮಾನವನ್ನು 32 ಬಿಟ್ ಫ್ಲೋಟ್ ಆಗಿ ಇಡುವುದು. ಡ್ರೋನ್ ಮ್ಯಾಪಿಂಗ್‌ನವರು ಎರಡನೆಯದನ್ನು ಇಷ್ಟಪಡುತ್ತಾರೆ, ಯಾಕೆಂದರೆ ಹಲವು ಚಿತ್ರ ಜೋಡಿಸಿ ಒಂದು ಮೊಸಾಯಿಕ್ ಹೊಲಿದಾಗ ಪಿಕ್ಸೆಲ್ ಬೆಲೆಯೇ ಡಿಗ್ರಿ. ನನ್ನ ಮತ ಬೇರೆ. ತಾಪಮಾನ ಬೇಯಿಸಿಟ್ಟ ಮೇಲೆ ಎಮಿಸಿವಿಟಿ ತಿದ್ದಲು ಆಗುವುದಿಲ್ಲ, ತಿದ್ದಬೇಕಾದರೆ ಹಳೆಯ ನಿಯತಾಂಕ ಯಾವುದಿತ್ತು ಎಂದಾದರೂ ಗೊತ್ತಿರಬೇಕು. ಅದೇ ಸ್ಥಿರಾಂಕಗಳಲ್ಲಿ ಇನ್ನೊಂದು ಲೆಕ್ಕ: ನಿಜವಾಗಿ 60 ಡಿಗ್ರಿ ಇರುವ, 0.85 ಎಮಿಸಿವಿಟಿಯ ಮೇಲ್ಮೈ, ಪ್ರತಿಫಲಿತ ತಾಪಮಾನ 25. ಕ್ಯಾಮೆರಾದಲ್ಲಿ 0.95 ಇಟ್ಟಿದ್ದರೆ ಓದುವುದು ಸುಮಾರು 56.8. ಪಾವಗಡದಂಥ ಸೋಲಾರ್ ಪಾರ್ಕಿನ ಪ್ಯಾನೆಲ್ ತಪಾಸಣೆಯಲ್ಲಿ ಮೂರು ಡಿಗ್ರಿ ಚಿಕ್ಕದಲ್ಲ. ಕಚ್ಚಾ ಸಂಖ್ಯೆ ಮತ್ತು ನಿಯತಾಂಕ ಎರಡೂ ಕೈಯಲ್ಲಿದ್ದರೆ ಇದನ್ನು ಕೂತಲ್ಲೇ ಸರಿಮಾಡಬಹುದು. ಫ್ಲೋಟ್ ಟಿಫ್ ಬೇಕಾದಾಗ ಮತ್ತೆ ಹುಟ್ಟಿಸಿಕೊಳ್ಳಬಹುದಾದ ನಕಲು ಅಷ್ಟೇ.

ಪೈಥಾನ್ ಬಳಸುವವರಿಗೆ ಎರಡು ಮಾತು. ಓಪನ್‌ಸಿವಿಯಲ್ಲಿ ಓದುವಾಗ ‘ಅನ್‌ಚೇಂಜ್ಡ್’ ಧ್ವಜ ಹಾಕದಿದ್ದರೆ 16 ಬಿಟ್ ಸದ್ದಿಲ್ಲದೆ 8 ಬಿಟ್ ಆಗುತ್ತದೆ. ಪಿಲ್ಲೊ ಜೆಪೆಗ್ ಉಳಿಸುವಾಗ ಎಕ್ಸಿಫ್ ಅನ್ನು (ಕ್ಯಾಮೆರಾ ಬರೆಯುವ ಮಾಮೂಲಿ ಟ್ಯಾಗ್‌ಗಳನ್ನು) ನೀವೇ ಕೈಗೆತ್ತಿ ಕೊಡಬೇಕು, ಇಲ್ಲದಿದ್ದರೆ ಬಿಟ್ಟುಬಿಡುತ್ತದೆ.

ಟಿಫ್ ಸಿದ್ಧವಾದ ಮೇಲೆ ‘-ಟ್ಯಾಗ್ಸ್‌ಫ್ರಮ್‌ಫೈಲ್’. ಎಕ್ಸಿಫ್‌ಟೂಲ್‌ನ ಮುಕುಟಮಣಿ ಇದೇ. ಮೂಲ ಫೈಲಿನ ಹೆಸರಿನ ಜಾಗದಲ್ಲಿ ಶೇಕಡಾ ಗುರುತಿನ ‘ಎಫ್’ ಕೊಟ್ಟರೆ ಒಂದೊಂದು ಟಿಫ್‌ಗೂ ಅದೇ ಹೆಸರಿನ ಜೆಪೆಗ್ ಹುಡುಕಿ ಟ್ಯಾಗ್ ನಕಲು ಮಾಡುತ್ತದೆ. ಸಾವಿರ ಫೈಲಿಗೂ ಒಂದೇ ಆಜ್ಞೆ ಸಾಕು. ಅಗಲ, ಎತ್ತರ, ಬಿಟ್ ಆಳ ಮುಂತಾದ ರಚನೆಯ ಟ್ಯಾಗ್‌ಗಳನ್ನು ‘ಆಲ್’ ಎಂದರೂ ಅದು ಮುಟ್ಟುವುದಿಲ್ಲ, ಹಾಗಾಗಿ ಟಿಫ್ ಕೆಡುವ ಭಯ ಬೇಡ. ಆದರೂ ‘ಆಲ್’ ಬದಲು ಬೇಕಾದ ಗುಂಪುಗಳನ್ನು ಹೆಸರಿಸಿ: ಮೇಕ್, ಮಾಡೆಲ್, ಎಕ್ಸಿಫ್‌ಐಎಫ್‌ಡಿ, ಜಿಪಿಎಸ್. ಪ್ರಿವ್ಯೂನ ಥಂಬ್‌ನೇಲ್ ಸಂಬಂಧಿ ಟ್ಯಾಗ್‌ಗಳು ಟಿಫ್‌ಗೆ ಬಂದು ಮಾಡುವ ಉಪಕಾರ ಏನೂ ಇಲ್ಲ. ಎಕ್ಸ್‌ಎಂಪಿ ಎಂಬ ಇನ್ನೊಂದು ಬಗೆಯ ಮೆಟಾಡೇಟಾವನ್ನು ಮಾತ್ರ ಬಿಡಿಬಿಡಿಯಾಗಿ ಅಲ್ಲ, ಇಡೀ ಗಂಟಾಗಿ ನಕಲು ಮಾಡಿ. ಎಕ್ಸಿಫ್‌ಟೂಲ್‌ಗೆ ಹೆಸರು ಗೊತ್ತಿಲ್ಲದ ಟ್ಯಾಗ್‌ಗಳೂ ಆಗ ಉಳಿಯುತ್ತವೆ.

ಜಿಪಿಎಸ್‌ನಲ್ಲಿ ಅಕ್ಷಾಂಶದ ಸಂಖ್ಯೆ ಬೇರೆ, ಉತ್ತರವೋ ದಕ್ಷಿಣವೋ ಎಂಬ ಟ್ಯಾಗ್ ಬೇರೆ. ಸಂಖ್ಯೆ ಮಾತ್ರ ನಕಲಾದರೂ ನಮ್ಮ ಕಡೆ ತೊಂದರೆ ಕಾಣದು, ಭಾರತ ಉತ್ತರ ಮತ್ತು ಪೂರ್ವದಲ್ಲಿದೆ. ಅದೇ ಸ್ಕ್ರಿಪ್ಟನ್ನು ಆಸ್ಟ್ರೇಲಿಯಾದಲ್ಲಿರುವವರಿಗೆ ಕಳಿಸಿದರೆ ಅವರ ಕಟ್ಟಡ ಉತ್ತರಾರ್ಧಗೋಳಕ್ಕೆ ಹಾರುತ್ತದೆ. ಗುಂಪನ್ನೇ ನಕಲು ಮಾಡಿ, ಗೊಡವೆ ಮುಗಿಯಿತು. ಸಮಯದ ವಿಷಯವೂ ಇಂಥದ್ದೇ. ಫ್ಲಿರ್ ವಿಭಾಗದ ಸಮಯದಲ್ಲಿ +05:30 ಸೇರಿರುತ್ತದೆ, ಎಕ್ಸಿಫ್‌ನ ಮಾಮೂಲಿ ಸಮಯದ ಟ್ಯಾಗ್‌ನಲ್ಲಿ ವಲಯಕ್ಕೆ ಜಾಗವೇ ಇಲ್ಲ. ಅದಕ್ಕಾಗಿ ಎಕ್ಸಿಫ್ 2.31ರಲ್ಲಿ ಬಂದ ‘ಆಫ್‌ಸೆಟ್‌ಟೈಮ್‌ಒರಿಜಿನಲ್’ ಟ್ಯಾಗ್ ಅನ್ನು ನೀವೇ ತುಂಬಬೇಕು.

ಈಗ ಮುಖ್ಯ ಕೊರತೆಗೆ ಬರೋಣ. ಫ್ಲಿರ್ ವಿಭಾಗದ ಟ್ಯಾಗ್‌ಗಳು ಎಕ್ಸಿಫ್‌ಟೂಲ್‌ಗೆ ಓದಲಷ್ಟೇ, ಬರೆಯಲಲ್ಲ. ಎಮಿಸಿವಿಟಿಯಾಗಲಿ ಪ್ಲ್ಯಾಂಕ್ ಸ್ಥಿರಾಂಕವಾಗಲಿ ಟಿಫ್‌ಗೆ ತಂತಾನೇ ಬರುವುದಿಲ್ಲ. ‘1 ಇಮೇಜ್ ಫೈಲ್ಸ್ ಅಪ್‌ಡೇಟೆಡ್’ ಎಂಬ ಸಂದೇಶ ನೋಡಿ ನಿರಾಳವಾಗಬೇಡಿ, ಒಂದೇ ಒಂದು ಟ್ಯಾಗ್ ದಾಟಿದರೂ ಅದು ಹಾಗೇ ಹೇಳುತ್ತದೆ. ಪರಿಹಾರ ಎರಡು, ಎರಡನ್ನೂ ಮಾಡಿ. ಮೊದಲನೆಯದು ಜೇಸನ್ (ದತ್ತಾಂಶವನ್ನು ಸರಳ ಪಠ್ಯವಾಗಿ ಇಡುವ ಫಾರ್ಮ್ಯಾಟ್) ಜೊತೆಗಡತ: ‘-ಜೆ -ಎನ್ -ಎ -ಜಿ0’ ಹಾಕಿ ಫ್ಲಿರ್ ಗುಂಪನ್ನೆಲ್ಲ ಚಿತ್ರದ ಹೆಸರಿನದೇ ಜೇಸನ್ ಫೈಲಿಗೆ ಇಳಿಸುವುದು. ‘-ಬಿ’ ಹಾಕಬೇಡಿ, ಕಚ್ಚಾ ಚಿತ್ರವೂ ಅಕ್ಷರವಾಗಿ ಒಳಸೇರಿ ಫೈಲ್ ಊದಿಕೊಳ್ಳುತ್ತದೆ. ಎರಡನೆಯದು ಸ್ವಂತ ಎಕ್ಸ್‌ಎಂಪಿ ನೇಮ್‌ಸ್ಪೇಸ್, ಅಂದರೆ ನಿಮ್ಮದೇ ಹೆಸರಿನ ಟ್ಯಾಗ್ ಗುಂಪು. ಒಂದು ಚಿಕ್ಕ ಕಾನ್ಫಿಗ್ ಫೈಲಿನಲ್ಲಿ ಬೇಕಾದ ಟ್ಯಾಗ್‌ಗಳನ್ನು ಘೋಷಿಸಿ, ಮೌಲ್ಯಗಳನ್ನು ಟಿಫ್‌ನೊಳಗೇ ಬರೆಯುವುದು. ‘-ಕಾನ್ಫಿಗ್’ ಆಯ್ಕೆ ಆಜ್ಞೆಯಲ್ಲಿ ಎಲ್ಲಕ್ಕಿಂತ ಮೊದಲು ಬರಬೇಕು, ಮಧ್ಯದಲ್ಲಿ ಹಾಕಿದರೆ ಗಣನೆಗೇ ತೆಗೆದುಕೊಳ್ಳದು. ಎಕ್ಸ್‌ಎಂಪಿ ಗಂಟಿನ ನಕಲನ್ನು ಒಂದು ಸುತ್ತಿನಲ್ಲಿ, ಈ ಬರವಣಿಗೆಯನ್ನು ಇನ್ನೊಂದು ಸುತ್ತಿನಲ್ಲಿ ಮಾಡಿ.

ಬರೆಯಲೇಬೇಕಾದವು: ಐದು ಪ್ಲ್ಯಾಂಕ್ ಸ್ಥಿರಾಂಕಗಳು, ಎಮಿಸಿವಿಟಿ, ದೂರ, ಪ್ರತಿಫಲಿತ ಮತ್ತು ವಾತಾವರಣ ತಾಪಮಾನ, ತೇವಾಂಶ, ಐಆರ್ ಕಿಟಕಿಯ (ಕ್ಯಾಮೆರಾ ಮುಂದಿನ ಇನ್‌ಫ್ರಾರೆಡ್ ಗಾಜಿನ) ತಾಪಮಾನ ಮತ್ತು ಪಾರಕತೆ, ವಾತಾವರಣ ಸೂತ್ರದ ಆಲ್ಫಾ1, ಆಲ್ಫಾ2, ಬೀಟಾ1, ಬೀಟಾ2, ಎಕ್ಸ್. ಕೊನೆಯ ಐದನ್ನು ಬಹಳ ಮಂದಿ ಬಿಡುತ್ತಾರೆ. ಅವಿಲ್ಲದೆ ದೂರದ ವಸ್ತುವಿನ ಲೆಕ್ಕ ಮರಳಿ ಮಾಡಲಾಗದು.

ಡಿಜೆಐ ಡ್ರೋನ್‌ಗಳ ಆರ್-ಜೆಪೆಗ್‌ಗೆ (ಅವುಗಳ ರೇಡಿಯೊಮೆಟ್ರಿಕ್ ಜೆಪೆಗ್‌ಗೆ) ಮೇಲಿನ ಪ್ಲ್ಯಾಂಕ್ ಸೂತ್ರ ಹಚ್ಚಬೇಡಿ. ಎಕ್ಸಿಫ್‌ಟೂಲ್ ಅದರ ಥರ್ಮಲ್ ದತ್ತಾಂಶವನ್ನು ಹೊರತೆಗೆದುಕೊಟ್ಟರೂ ಡಿಗ್ರಿ ಮಾಡಲು ಆ ಕಂಪನಿಯದೇ ಸಾಫ್ಟ್‌ವೇರ್ ಕಟ್ಟು, ಡಿಜೆಐ ಥರ್ಮಲ್ ಎಸ್‌ಡಿಕೆ, ಬೇಕು. ಅದರ ಕಮಾಂಡ್‌ಲೈನ್ ಉಪಕರಣ ಕೊಡುವುದು ತಲೆಬರಹವೇ ಇಲ್ಲದ ಬರೀ ಸಂಖ್ಯೆಗಳ ಫೈಲ್. 640×512 ಚಿತ್ರವಾದರೆ ಫ್ಲೋಟ್ ಆಯ್ಕೆಗೆ 13,10,720 ಬೈಟ್, ಪೂರ್ಣಾಂಕ ಆಯ್ಕೆಗೆ 6,55,360. ಪೂರ್ಣಾಂಕದಲ್ಲಿ ಒಂದು ಅಂಕ ಎಂದರೆ 0.1 ಡಿಗ್ರಿ. ಗಾತ್ರ ನೋಡಿಯೇ ಯಾವುದೆಂದು ಹೇಳಬಹುದು. ಅದನ್ನು ಟಿಫ್ ಮಾಡಿದ ಮೇಲೆ ಗಿಂಬಲ್ (ಡ್ರೋನ್‌ನಲ್ಲಿ ಕ್ಯಾಮೆರಾ ಹಿಡಿಯುವ ತಿರುಗು ಭಾಗ) ಕೋನ, ಸಾಪೇಕ್ಷ ಎತ್ತರ ಇವನ್ನೆಲ್ಲ ಹೊತ್ತ ಎಕ್ಸ್‌ಎಂಪಿ ಗಂಟನ್ನು ದಾಟಿಸಲು ಮತ್ತೆ ಎಕ್ಸಿಫ್‌ಟೂಲೇ ಬೇಕು.

ಪಿಎನ್‌ಜಿಗೆ ಎಕ್ಸಿಫ್ ಇಡುವ ವ್ಯವಸ್ಥೆ ಬಂದದ್ದೇ 2017ರಲ್ಲಿ. ಎಕ್ಸಿಫ್‌ಟೂಲ್ ಬರೆಯುತ್ತದೆ, ಅದನ್ನು ಓದದ ಪ್ರೋಗ್ರಾಮ್‌ಗಳು ಇನ್ನೂ ಇವೆ. ಸಿಎಸ್‌ವಿಗೆ ಮೆಟಾಡೇಟಾದ ಜಾಗವೇ ಇಲ್ಲ, ಜೇಸನ್ ಜೊತೆಗಿರಲಿ.

ಕನ್ನಡದಲ್ಲಿ ಫೋಲ್ಡರ್ ಹೆಸರಿಡುವವರು ಗಮನಿಸಿ: ವಿಂಡೋಸ್ ಆಜ್ಞೆಗಳಿಗೆ ಸಾಮಾನ್ಯವಾಗಿ ಬಳಸುವ ಹಳೆಯ ಕೋಡ್‌ಪೇಜ್‌ಗಳಲ್ಲಿ, ಅಂದರೆ ಅಕ್ಷರಪಟ್ಟಿಗಳಲ್ಲಿ, ಕನ್ನಡಕ್ಕೆ ಸ್ಥಾನವಿಲ್ಲ. ‘ತಪಾಸಣೆ’ ಎಂಬ ಫೋಲ್ಡರ್ ಕಣ್ಣೆದುರೇ ಇದ್ದರೂ ‘ಫೈಲ್ ನಾಟ್ ಫೌಂಡ್’ ಬರಬಹುದು. ಆಜ್ಞೆಯ ಸಾಲುಗಳನ್ನು ಯುಟಿಎಫ್-8ರಲ್ಲಿ ಉಳಿಸಿದ ಫೈಲಿಗೆ ಹಾಕಿ, ‘-ಕ್ಯಾರ್‌ಸೆಟ್ ಫೈಲ್‌ನೇಮ್=ಯುಟಿಎಫ್8’ ಜೊತೆಗೆ ‘-@’ ಆಯ್ಕೆಯಿಂದ ಓದಿಸಿದರೆ ಸರಿಹೋಗುತ್ತದೆ. ಚಿತ್ರದ ವಿವರಣೆಯನ್ನು ಕನ್ನಡದಲ್ಲಿ ಬರೆಯುವುದಾದರೆ ಎಕ್ಸಿಫ್‌ನ ‘ಇಮೇಜ್‌ಡಿಸ್ಕ್ರಿಪ್ಷನ್’ ಬೇಡ, ಎಕ್ಸ್‌ಎಂಪಿಯ ‘ಡಿಸ್ಕ್ರಿಪ್ಷನ್’ ಬಳಸಿ. ಮೊದಲನೆಯದು ಆಸ್ಕಿಗೆಂದು ಮಾಡಿದ್ದು, ಕೆಲವು ಪ್ರೋಗ್ರಾಮ್‌ಗಳಲ್ಲಿ ಅಕ್ಷರ ಚಿಂದಿಯಾಗುತ್ತದೆ.

ಪರೀಕ್ಷೆಗೆ ‘ಇಮೇಜ್‌ಡೇಟಾಹ್ಯಾಶ್’ ಟ್ಯಾಗ್ ಇದೆ, ಚಿತ್ರದ ದತ್ತಾಂಶಕ್ಕೆ ಬೆರಳಚ್ಚಿದ್ದಂತೆ. ಮೆಟಾಡೇಟಾ ಬರೆಯುವ ಮುಂಚೆ ಮತ್ತು ಆಮೇಲೆ ಅದು ಒಂದೇ ಇದ್ದರೆ ಪಿಕ್ಸೆಲ್‌ಗೆ ಧಕ್ಕೆಯಾಗಿಲ್ಲ. ಮೂಲದ ನಕಲನ್ನು ‘_ಒರಿಜಿನಲ್’ ಎಂಬ ಬಾಲ ಸೇರಿಸಿ ಎಕ್ಸಿಫ್‌ಟೂಲ್ ತಾನೇ ಇಡುತ್ತದೆ. ಡಿಸ್ಕ್ ತುಂಬುತ್ತದೆಂದು ‘-ಓವರ್‌ರೈಟ್_ಒರಿಜಿನಲ್’ ಹಾಕುವವರು ಕನಿಷ್ಠ ಮೊದಲ ಸುತ್ತಿನಲ್ಲಾದರೂ ತಡೆಯಿರಿ. ವೇಗದ ದೂರು ಹೇಳುವವರು ಸಾಮಾನ್ಯವಾಗಿ ಒಂದೊಂದು ಫೈಲಿಗೂ ಬೇರೆ ಬೇರೆಯಾಗಿ ಕರೆಯುತ್ತಿರುತ್ತಾರೆ. ಪರ್ಲ್ ಎದ್ದೇಳುವುದಕ್ಕೇ ಸಮಯ ಹೋಗುತ್ತದೆ. ಇಡೀ ಫೋಲ್ಡರನ್ನು ‘-ಆರ್’ ಜೊತೆ ಒಂದೇ ಸಲ ಕೊಡಿ, ಪೈಥಾನ್‌ನಿಂದಾದರೆ ‘-ಸ್ಟೇ_ಓಪನ್’ ಬಳಸಿ.

ಇಷ್ಟೆಲ್ಲ ಮಾಡುವ ಮೊದಲು ಸೈಟಿನವರಿಂದ ಫೈಲ್ ಹೇಗೆ ಬಂತು ಎಂದು ಕೇಳಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ್ದರೆ ಚಿತ್ರ ಮರುಸಂಕುಚಿತವಾಗಿ ಕಚ್ಚಾ ದತ್ತಾಂಶ ದಾರಿಯಲ್ಲೇ ಉದುರಿರುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಿದ್ದರೆ ಉಳಿದಿರುತ್ತದೆ. ಫೈಲ್ ಕೈಗೆ ಬಂದ ಕೂಡಲೇ ‘ರಾಥರ್ಮಲ್‌ಇಮೇಜ್‌ವಿಡ್ತ್’ ಕೇಳಿ. ಉತ್ತರ ಬರದಿದ್ದರೆ ಅವರಿಗೆ ಆಗಲೇ ಫೋನ್ ಮಾಡಿ, ಕ್ಯಾಮೆರಾದ ಕಾರ್ಡ್ ಫಾರ್ಮ್ಯಾಟ್ ಆಗುವ ಮುಂಚೆ.